ಕೊಲ್ಲಾಪುರಕ್ಕ ದವಾಖಾನಿ ಬಿಟ್ಟ ಬ್ಯಾರೆ ಕೆಲಸಕ್ಕೂ ಹೋಗ್ರಿ

ನಮ್ಮ ಬೋರಗಾಂವದ ಮಂದಿ ಕೊಲ್ಲಾಪುರಕ್ಕ ಹೋಗೂದು ಮೂರ ಕಾರಣಕ್ಕ. ಒಂದು ದವಾಖಾನಿ, ಇನ್ನೊಂದು ಲಗ್ನದ ಜವಳಿ, ಮೂರನೇದು ಅಂಬಾಬಾಯಿ ದರ್ಶನ. ಜವಳಿ ಚೀಲ ಬಗಲಾಗ ಹಿಡಕೊಂಡು ಗುಡಿ ಮುಗಿಸೂದು, ಒಂದ ಜೋಡ ಚಪ್ಪಲಿಗೆ ಚೌಕಾಶಿ ಮಾಡೂದು, ಸಂಜಿ ಹಾಲ ಹಿಂಡೂ ಹೊತ್ತಿಗೆ ಮನಿ ಮುಟ್ಟೂದು. ಹಿಂಗ ಜೀವಮಾನದಾಗ ನೂರ ಸಲ ಹೋಗಿ ಬಂದವರಿಗೂ ಆ ಊರಾಗ ರೋಮ್ ಸೀಮಿಯಿಂದ ಬಂದ ದೇವರೊಬ್ಬ ಅದಾನ ಅನ್ನೂದು ಗೊತ್ತಿರೂದಿಲ್ಲ.

ಪರದೇಶದ ಫೋಟೋ ಮಾತ್ರ ಎಲ್ಲಾರ ಮೊಬೈಲಿನ್ಯಾಗೂ ಅದಾವ. ಯಾರದೋ ಮಗ ಜರ್ಮನಿಯೊಳಗ ಇರ್ತಾನ, ಯಾರದೋ ಸೊಸಿ ಕಂಪನಿ ಕೆಲಸಕ್ಕ ಹೋಗಿರ್ತಾಳ, ಸೂಟಿ ಸಿಕ್ಕಾಗ ಇಟಲಿಗೆ ಹೋಗಿ ಬಂದು ಕಳಸ್ತಾರ. ಅಲ್ಲಿ ಆಲ್ಪ್ಸ್ ಗುಡ್ಡದ ನಡುವ ಅವೋಸ್ತಾ ಅಂತ ಒಂದ ಊರೈತಿ. ಕ್ರಿಸ್ತಪೂರ್ವ 25ರಾಗ ರೋಮನ್ನರು ಕಟ್ಟಿದ್ದು. ಅವರ ಕಾಲದ ಕಮಾನು, ನಾಟಕ ಆಡೂ ಜಾಗಾದ ಎತ್ತರದ ಗ್ವಾಡಿ ಇನ್ನೂ ನಿಂತಾವ. ಸನೇಕ ಫೇನಿಸ್ ಅನ್ನೂ ಕ್ವಾಟಿ. ಮಧ್ಯಾಹ್ನ ಊಟಕ್ಕ ಪೋಲೆಂಟಾ, ಅದರ ಮ್ಯಾಲ ಫೊಂತಿನಾ ಅನ್ನೂ ಊರ ಚೀಸ್ ಕರಗಿಸಿದ್ದು. ಹೆಸರ ಕೇಳಿದ್ರ ಏನೋ ಭಾರಿ ಅನಸ್ತೈತಿ. ಪೋಲೆಂಟಾ ಅಂದ್ರ ಗೋವಿನಜ್ವಾಳದ ನುಚ್ಚು ಅಷ್ಟ. ದನಾ ಕಾಯೂ ಮಂದಿ, ಹೊಲದ ಮಂದಿ ಉಣ್ಣತಿದ್ದದ್ದು. ಅದನ್ನ ಉಣ್ಣಾಕ ಈಗ ವಿಮಾನ ಹತ್ತಿ ಹೋಗ್ತಾರ.

ಹೋಗೂದು ತಪ್ಪಲ್ಲ. ಹೋಗಾಕ ಆಗೂವರು ಹೋಗ್ಲಿ. ಆದ್ರ ಒಂದ ದಿನದಾಗ ಕ್ವಾಟಿ, ರೋಮನ್ನರ ಸಾಮಾನು, ಊರ ಊಟ, ಗುಡ್ಡದ ಗಾಳಿ ಇಷ್ಟೂ ಬೇಕಂದ್ರ ಇಚಲಕರಂಜಿ ಮ್ಯಾಲ ಹಾದ್ರ ಸಾಕು, ವೀಸಾ ಬ್ಯಾಡ. ವರ್ಷದಾಗ ಒಂದ ದಿನ, ಮನ್ಯಾಗ ಯಾರಿಗೂ ಜಡ್ಡ ಇಲ್ಲದಾಗ, ಯಾರದೂ ಲಗ್ನ ಇಲ್ಲದಾಗ, ಬರೇ ನೋಡಾಕ ಅಂತ ಕೊಲ್ಲಾಪುರಕ್ಕ ಹೋಗ್ಬೇಕು ಅಂತ ನನ್ನ ವಾದ. ಹೆಣ್ಮಕ್ಕಳು ಮುದ್ದಾಂ ಹೋಗ್ಬೇಕು.

ಮೊದಲ ಟೌನ್ ಹಾಲಿಗೆ ಹೋಗ್ರಿ. ಸಿಪಿಆರ್ ದವಾಖಾನಿ ಎದರಿಗೇ ಐತಿ, ನಮ್ಮ ಕಡಿ ಮಂದಿಗೆ ಆ ದಾರಿ ಹೊಸಾದಲ್ಲ. ಒಳಗ ಪೇಶಂಟ್ ಮಲಗಿರ್ತಾರ, ಹೊರಗ ಕಾಯೂವರು ಟೌನ್ ಹಾಲಿನ ಗಿಡದ ನೆಳ್ಳಾಗ ಅರಿವಿ ಬಿಚ್ಚಿ ಬುತ್ತಿ ಉಣ್ತಾರ. ಬೆನ್ನ ಹಿಂದ ಕರಿಕಲ್ಲಿನ ದೊಡ್ಡ ಕಟ್ಟಡ. 1870ರ ದಶಕದಾಗ ಕಟ್ಟಿದ್ದು, ಈಗ ಅದು ಮ್ಯೂಸಿಯಂ. ಎದ್ದು ನಾಕ ಮೆಟ್ಲ ಹತ್ತಿ ಒಳಗ ಹೋಗೂವರು ಕಡಿಮಿ. ಚಿಂತಿ ಹೊತ್ತು ಬಂದವರಿಗೆ ಮ್ಯೂಸಿಯಂ ಯಾಕ ಬೇಕು ಅಂತೀರಿ, ಅದೂ ಖರೆ. ಅದಕ್ಕ ನಾ ಹೇಳೂದು, ಚಿಂತಿ ಇಲ್ಲದ ದಿನ ಹೋಗ್ರಿ ಅಂತ. ಸೋಮವಾರ ಮಾತ್ರ ಬ್ಯಾಡ, ಬಾಗಲಾ ಹಾಕಿರ್ತಾರ.

ಆ ಮ್ಯೂಸಿಯಂದಾಗ ಒಂದ ಕಂಚಿನ ಮೂರ್ತಿ ಐತಿ. ಗೇಣುದ್ದನೂ ಇಲ್ಲ. ಗಡ್ಡ ಬಿಟ್ಟಾನ, ಮೈಮ್ಯಾಲ ಅರಿವಿ ಇಲ್ಲ, ಒಂದ ಕೈ ಮ್ಯಾಲ ಎತ್ತ್ಯಾನ. ಆ ಕೈಯಾಗ ಇದ್ದ ತ್ರಿಶೂಲ ಎಲ್ಲೋ ಹೋಗೈತಿ. ನಮ್ಮ ಮುದುಕ್ಯಾರು ನೋಡಿದ್ರ ಯಾವ ಬೈರಾಗಿ ಇಂವಾ ಅಂತ ಕೇಳ್ತಾರ. ಇಂವಾ ಪೊಸೈಡನ್, ಗ್ರೀಕರ ಸಮುದ್ರದ ದೇವರು. ರೋಮನ್ನರು ಇವನಿಗೆ ನೆಪ್ಚೂನ್ ಅಂದ್ರು. ಸುಮಾರು 1,900 ವರ್ಷದ ಹಿಂದ, ಶಾತವಾಹನರ ಕಾಲಕ್ಕ, ರೋಮನ್ ಹಡಗಿನ್ಯಾಗ ಅರಬ್ಬಿ ಸಮುದ್ರ ದಾಟಿ, ಕೊಂಕಣದ ದಂಡಿಗೆ ಇಳದು, ಘಟ್ಟ ಹತ್ತಿ ಬಂದಾನ. ಇವನ ಜೋಡಿ ಅಲ್ಲಿ ಮಾಡಿದ ಕಂಚಿನ ಕನ್ನಡಿ, ಹಿಡಿಕಿ ಇರೂ ತಂಬಿಗಿಯಂಥ ಪಾತ್ರಿ ಸುದ್ದಾ ಸಿಕ್ಕಾವ. ಸಮುದ್ರದ ದೇವರು ಪಂಚಗಂಗಾ ದಂಡಿಗೆ ಯಾಕ ಬಂದಾ? ವ್ಯಾಪಾರ. ಮೆಣಸು, ಅರಿವಿ, ಮಣಿ ಇಲ್ಲಿಂದ ಹೋಗತಿದ್ದು, ಬಂಗಾರ ಬೆಳ್ಳಿ ಅಲ್ಲಿಂದ ಬರತಿತ್ತು. ವರ್ಷಕ್ಕ ಐದ ಕೋಟಿ ಸೆಸ್ಟರ್ಸ್ ಹಿಂದುಸ್ತಾನಕ್ಕ ಹರದ ಹೊಂಟೈತಿ ಅಂತ ರೋಮಿನ ಪ್ಲಿನಿ ಅನ್ನೂ ಪಂಡಿತ ಹೊಟ್ಟಿ ಉರಕೊಂಡ ಬರದಾನ. ರೋಮ್ ಚಕ್ರವರ್ತಿ ಟಿಬೇರಿಯಸ್ಸಿನ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯೊಳಗೂ ಸಿಕ್ಕೈತಿ. ಕನ್ನಡಿಯ ಮುಂದ ನಾನು ಭಾಳ ಹೊತ್ತ ನಿಂತೆ. ಯಾವ ಮನಿಯ ಹೆಣ್ಮಗಳು ಅದರಾಗ ಮುಖ ನೋಡಕೊಂಡಿದ್ಲೋ, ಅಕಿ ಆಡೂ ಮಾತು ಏನಿತ್ತೋ.

ಈಗ ಮುಖ್ಯ ಮಾತಿಗೆ ಬರ್ತೀನಿ. ಈ ಮೂರ್ತಿ ಸಿಕ್ಕಿದ್ದು ಕೊಲ್ಲಾಪುರದಾಗ ಪಂಚಗಂಗಾ ದಂಡಿಯ ಬ್ರಹ್ಮಪುರಿ ದಿಬ್ಬದಾಗ, 1944–45ರ ಸುಮಾರಿಗೆ. ಇದನ್ನ ಬೆಳಕಿಗೆ ತಂದವರು ಯಾರಂದ್ರ ಪ್ರೊಫೆಸರ್ ಕೆ.ಜಿ. ಕುಂದಣಗಾರ. ನಮ್ಮ ಬೆಳಗಾವಿ ಜಿಲ್ಲೆಯ ಕೌಜಲಗಿಯವರು, ಕೊಲ್ಲಾಪುರದ ರಾಜಾರಾಮ ಕಾಲೇಜಿನ್ಯಾಗ ಕನ್ನಡ ಕಲಸತಿದ್ದವರು. ಆಮ್ಯಾಲ 1945–46ರಾಗ ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಳಿಯಾ ಮತ್ತ ಎಂ.ಜಿ. ದೀಕ್ಷಿತ ಬಂದು ಶಾಸ್ತ್ರೋಕ್ತ ಉತ್ಖನನ ಮಾಡಿದ್ರು. ಇವತ್ತಿಗೂ ಪಂಡಿತರು ಆ ಕಂಚಿನ ಸಾಮಾನಿಗೆ ಕುಂದಣಗಾರ ನಿಧಿ ಅಂತ ಕರೀತಾರ. ಇದs ಮನಷ್ಯಾ ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನ ಹುಡುಕಿ ಓದಿ 1939ರಾಗ ಪುಸ್ತಕ ಮಾಡಿದ್ರು, 1961ರಾಗ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರಾದ್ರು. ನಮ್ಮ ಹುಡುಗುರಿಗೆ ಪಾಣಿಪತ್ತಿನ ಲಡಾಯಿ ಮೂರೂ ಬಾಯಿಪಾಠ ಬರ್ತಾವ. ಈ ಹೆಸರ ಕೇಳಿ ನೋಡ್ರಿ, ಒಬ್ಬರೂ ಹೇಳೂದಿಲ್ಲ.

ಇಲ್ಲಿ ಗಡಿಯ ಮಾತು ಬಂದs ಬರ್ತೈತಿ. ಕೊಲ್ಲಾಪುರ ಅವರದು, ಅಲ್ಲಿ ನಮ್ಮದೇನೈತಿ ಅನ್ನೂವರು ಒಂದ ಕಡಿ. ಶಾಸನ ಎಲ್ಲಾ ಕನ್ನಡ, ಅದಕ್ಕ ಊರs ನಮ್ಮದು ಅನ್ನೂವರು ಇನ್ನೊಂದ ಕಡಿ. ಇವರಿಬ್ಬರೂ ಮ್ಯೂಸಿಯಂ ಒಳಗ ಕಾಲ ಇಟ್ಟಿರೂದಿಲ್ಲ ಅಂತ ನನಗ ಗುಮಾನಿ. ಕೊಲ್ಲಾಪುರ ಆಳಿದ ಶಿಲಾಹಾರರು ಕನ್ನಡದಾಗ ಶಾಸನ ಬರಸಿದ್ದು ಖರೆ. ಹಂಗಂತ ಹಕ್ಕ ಕೇಳಾಕ ಹೋಗೂದಲ್ಲ, ಬೀಗರ ಮನಿಗೆ ಹೋದಂಗ ಹೋಗೂದು. ಬೋರಗಾಂವದಾಗ ಒಂದs ಓಣಿಯೊಳಗ ಒಂದ ಮನಿ ಹುಡುಗ ಕನ್ನಡ ಸಾಳಿ, ಬಾಜೂ ಮನಿ ಹುಡುಗಿ ಮರಾಠಿ ಸಾಳಿ. ನಮಗೇನು ಇದು ಹೊಸಾದೇನ್ರಿ? ಕೊಲ್ಲಾಪುರಿ ಚಪ್ಪಲಿದs ನೋಡ್ರಿ. 2019ರಾಗ ಅದಕ್ಕ ಜಿಐ ಗುರ್ತು ಸಿಕ್ಕಾಗ ಮಹಾರಾಷ್ಟ್ರದ ನಾಕ ಜಿಲ್ಲೆ, ಕರ್ನಾಟಕದ ನಾಕ ಜಿಲ್ಲೆ ಎರಡೂ ಸೇರಿದ್ದು. 2025ರ ಜೂನದಾಗ ಇಟಲಿಯ ಪ್ರಾಡಾ ಕಂಪನಿ ಮಿಲಾನದಾಗ ಅಂಥದs ಚಪ್ಪಲಿ ತನ್ನ ಹೆಸರಿನ ಮ್ಯಾಲ ತೋರಸ್ತು. ಗದ್ದಲ ಆದ ಮ್ಯಾಲ ಅದರ ಮೂಲ ಭಾರತದ ಕುಶಲಕರ್ಮಿಗಳದು ಅಂತ ಒಪ್ಪಕೊಂಡ್ತು. ಅಲ್ಲೀ ದೇವರು ಇಲ್ಲಿಗೆ ಬಂದಾ, ಇಲ್ಲೀ ಚಪ್ಪಲಿ ಅಲ್ಲಿಗೆ ಹೋದ್ವು.

ಮ್ಯೂಸಿಯಂ ಮುಗದ ಮ್ಯಾಲ ಪನ್ಹಾಳಾ ಹತ್ರಿ. ಕೊಲ್ಲಾಪುರದಿಂದ 20 ಕಿಲೋಮೀಟರ್ ಸುಮಾರು. ಮಹಾರಾಷ್ಟ್ರದ ಎಸ್ಟಿ ಬಸ್ಸಿನ್ಯಾಗ 2023ರಿಂದ ಹೆಣ್ಮಕ್ಕಳಿಗೆ ಅರ್ಧ ತಿಕೀಟು, ಅದೂ ನೆನಪಿರ್ಲಿ. ಬಸ್ಸು ಕ್ವಾಟಿ ಒಳಗs ಹೋಗ್ತೈತಿ, ಅದಕ್ಕ ಮಣಕಾಲ ನೋವಿನ ಅತ್ತಿಯವರನ್ನೂ ಬಿಟ್ಟ ಹೋಗೂ ನೆವ ಇಲ್ಲ.

ಹನ್ನೆರಡನೇ ಶತಮಾನದ ಕಡೀಕ ಶಿಲಾಹಾರರ ಎರಡನೇ ಭೋಜ ಈ ಕ್ವಾಟಿ ಕಟ್ಟಿಸ್ದಾ. ಆಮ್ಯಾಲ ಯಾದವರು, ಬಹಮನಿಯವರು, ನಮ್ಮ ವಿಜಾಪುರದ ಆದಿಲಶಾಹಿ. ತೀನ್ ದರವಾಜಾದ ಮ್ಯಾಲಿನ ಫಾರ್ಸಿ ಬರಹ ಅವರ ಕಾಲದ್ದು. 1660ರಾಗ ವಿಜಾಪುರದ ಸರದಾರ ಸಿದ್ದಿ ಜೌಹರ ಮುತ್ತಿಗಿ ಹಾಕಿದಾಗ ಶಿವಾಜಿ ಮಹಾರಾಜರು ಸುಮಾರು ನಾಕ ತಿಂಗಳ ಇದರೊಳಗ ಇದ್ರು, ಜುಲೈದಾಗ ಮಳಿಯ ರಾತ್ರಿ ಪಾರಾಗಿ ವಿಶಾಳಗಡಕ್ಕ ಹೋದ್ರು. 2025ರ ಜುಲೈದಾಗ ಯುನೆಸ್ಕೋ 12 ಮರಾಠಾ ಕ್ವಾಟಿಗಳನ್ನ ಜಾಗತಿಕ ಪರಂಪರೆ ಪಟ್ಟಿಗೆ ಸೇರಿಸ್ತು, ಪನ್ಹಾಳಾ ಅದರಾಗ ಒಂದು. ಬಾಜಿಪ್ರಭೂನ ಕತ್ತಿ ಮೂರ್ತಿ ಮುಂದ ಎಲ್ಲಾರೂ ಫೋಟೋ ತಗಸ್ತಾರ. ತಗಸ್ಲಿ.

ಆದ್ರ ಮನಿ ನಡಸೂವರು ಪನ್ಹಾಳಾದಾಗ ನೋಡಬೇಕಾದ್ದು ಅಂಬರಖಾನಾ. ಗಂಗಾ, ಯಮುನಾ, ಸರಸ್ವತಿ ಅಂತ ಮೂರ ಕಣಜ. ಗಂಗಾ ಕೋಠಿಯೊಳಗ ಸಾಲಾಗಿ 16 ಅಂಕಣ, ಒಂದೊಂದರ ಮ್ಯಾಲೂ ಚಾವಣಿಗೆ ಒಂದ ತೂತು. ಹೊರಗಿನ ಮೆಟ್ಲ ಹತ್ತಿ ಹೋಗಿ ಮ್ಯಾಲಿಂದ ಕಾಳ ಸುರೀತಿದ್ರು. 25,000 ಖಂಡಿ ಹಿಡೀತಿತ್ತು ಅಂತಾರ. ನಮ್ಮ ಹಳೇ ಮನಿಗಳ ಹಗೇವು ನೆನಪಾಗ್ತೈತಿ. ಅದು ನೆಲದ ಕೆಳಗ, ಇದು ಮ್ಯಾಲ, ಸುರಿಯೂ ಪದ್ಧತಿ ಒಂದs. ಗ್ವಾಡಿಯ ದಪ್ಪ ನೋಡ್ರಿ, ಒಳಗಿನ ತಂಪ ನೋಡ್ರಿ, ನುಸಿ ಹತ್ತದಂಗ ಇಡಾಕ ಎಷ್ಟ ವಿಚಾರ ಮಾಡಿರ್ಬೇಕು. ನಾಕ ತಿಂಗಳ ಮುತ್ತಿಗಿ ತಡಕೊಳ್ಳಾಕ ಕತ್ತಿ ಎಷ್ಟ ಬೇಕೋ ಕಾಳೂ ಅಷ್ಟs ಬೇಕು. ಆ ಕಾಳ ಹಸನ ಮಾಡಿ, ಬೀಸಿ, ಭಕ್ರಿ ಬಡದವರ ಮೂರ್ತಿ ಯಾರೂ ನಿಲ್ಲಿಸಿಲ್ಲ.

ಇನ್ನ ಊಟ. ಕೊಲ್ಲಾಪುರ ಅಂದ್ರ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ಅಂತ ಹೆಸರ. ಮಾಂಸ ತಿನ್ನೂವರು ತಿನ್ರಿ. ನಮ್ಮೂರಾಗ ಜೈನರ ಮನಿ, ಲಿಂಗಾಯತರ ಮನಿ ಭಾಳ, ಅವರಿಗೆ ಮಿಸಳ ಐತಿ, ಅಖ್ಖಾ ಮಸೂರ ಐತಿ. ನನ್ನ ಕೇಳಿದ್ರ ಇಷ್ಟೂ ಬಿಟ್ಟು ಪನ್ಹಾಳಾದ ಮ್ಯಾಲ ಹೆಣ್ಮಕ್ಕಳು ಮಾಡಿ ಕೊಡೂ ಝುಣಕಾ ಭಕ್ರಿ ಉಣ್ರಿ. ಹಸಿಮೆಣಸಿನಕಾಯಿ ಖರಡಾ, ಉಳ್ಳಾಗಡ್ಡಿ, ಮಜ್ಜಿಗಿ. ಎದರಿಗೆ ಕಣಿವಿ, ಮುಖಕ್ಕ ಗಾಳಿ.

ಮನ್ಯಾಗ ದಿನಾ ಮಾಡೂ ಝುಣಕಕ್ಕ ಅಲ್ಲಿ ಹೋಗಿ ರೊಕ್ಕ ಕೊಡ್ಬೇಕೇನು, ಬುತ್ತಿ ಕಟಗೊಂಡ ಹೋದ್ರ ಆಗ್ತಿತ್ತು ಅಂತ ಗಂಡಸರು ಅಂತಾರ. ಆ ಬುತ್ತಿ ಯಾರ ಕಟ್ಟೂದ್ರಿ? ಮುಂಜಾನೆ ನಾಕಕ್ಕ ಎದ್ದು 30 ರೊಟ್ಟಿ ಬಡದು, ಶೇಂಗಾ ಹಿಂಡಿ ಕುಟ್ಟಿ, ಮೊಸರ ಕಟ್ಟಿ, ಆಮ್ಯಾಲ ಬಸ್ಸ ಹತ್ತಿ ತೂಕಡಿಸ್ಕೋತ ಹೋಗೂದಕ್ಕ ಟ್ರಿಪ್ ಅಂತಾರೇನು? ನಮ್ಮ ಮನಿಗಳಾಗ ರೊಟ್ಟಿ ಬಡಿಯೂ ಹೆಣ್ಮಗಳು ಎಲ್ಲಾರಿಗೂ ಹಂಚಿನ ಮ್ಯಾಲಿಂದು ಬಿಸಿಬಿಸಿ ಹಾಕಿ, ತಾನು ಕಡೀಕ ಆರಿದ್ದು ಉಣ್ಣೂದು ರೂಢಿ. ಅಕಿಗೆ ಬ್ಯಾರೆಯವರ ಕೈಯಾಗಿನ ಬಿಸಿ ಭಕ್ರಿ, ಕುಂತಲ್ಲೇ, ಬರೂದು ವರ್ಷದಾಗ ಅದೊಂದ ದಿನ. ಆ ರೊಕ್ಕ ಭಕ್ರಿಗಲ್ಲ, ಕುಂದ್ರೂದಕ್ಕ. ಇನ್ನೊಂದು, ಆ ರೊಕ್ಕ ಹೋಗೂದೂ ಒಲಿ ಮುಂದ ಕುಂತ ಇನ್ನೊಬ್ಬ ಹೆಣ್ಮಗಳ ಕೈಗೆ. ಇಟಲಿಯೊಳಗ ನುಚ್ಚಿಗೆ ರೊಕ್ಕ ಕೊಟ್ಟು ಫೋಟೋ ಹಾಕಿದ್ರ ಯಾರೂ ಬೈಯೂದಿಲ್ಲ.

ಖಿದ್ರಾಪುರ ಇದs ದಿನದಾಗ ಸೇರಿಸಬ್ಯಾಡ್ರಿ, ಅದು ಮೂಡಲ ದಿಕ್ಕಿಗೆ ಆಗ್ತೈತಿ. ನಮ್ಮ ಕಾಗವಾಡ ತಾಲೂಕಿನ ಜುಗೂಳದ ಎದರ ದಂಡಿಗೆ, ಕೃಷ್ಣಾ ನದಿ ಆಚಿ ಕಡಿ. ಕೋಪೇಶ್ವರ ಗುಡಿಯ ಮುಂದಿನ ಮಂಟಪಕ್ಕ ನಡುವ ಚಾವಣಿ ಇಲ್ಲ, ದುಂಡಗ ಆಕಾಶ ಕಾಣತೈತಿ, ಸುತ್ತ 48 ಕಂಬ. ಶಾಸನಗಳು ಹೆಚ್ಚಾಗಿ ಹಳಗನ್ನಡದಾಗ ಅದಾವ. ಗುಡಿ ಮುಂದ ನಂದಿ ಇಲ್ಲ, ಅವನು ನಮ್ಮ ಯಡೂರಾಗ ಕುಂತಾನ ಅಂತ ಎರಡೂ ದಂಡಿಯ ಮಂದಿ ಹೇಳ್ತಾರ. ಅದಕ್ಕ ಇನ್ನೊಂದ ದಿನ ತಗೀರಿ.

ಉಳದಿದ್ದು ಎಮ್ಮಿ. ಒಂದ ದಿನದ ಟ್ರಿಪ್ ಒಂದs ದಿನದ್ದು ಯಾಕಂದ್ರ ಎಮ್ಮಿ. ಮುಂಜಾನೆ ಡೇರಿಗೆ ಹಾಲ ಹಾಕಿ ಬಿಟ್ರ ಸಂಜಿ ಮತ್ತ ಹಿಂಡಾಕ ಬರ್ಬೇಕು, ಅದರ ನಡುವ ಮ್ಯೂಸಿಯಂ, ಪನ್ಹಾಳಾ, ಊಟ ಮೂರೂ ಕೂರೂದಿಲ್ಲ. ಸೂರ್ಯ ಮುಳಗೂದು ನೋಡದ ಪನ್ಹಾಳಾದಿಂದ ಇಳಿಯೂದು ಅಂದ್ರ ಹೋಳಿಗಿ ಹಾಕಿಸಿಕೊಂಡು ತುಪ್ಪ ಬ್ಯಾಡ ಅಂದಂಗ. ಅದಕ್ಕ ಆ ಸಂಜಿ ಹಿಂಡೂ ಪಾಳಿ ಯಾರದು, ಬಾಜೂ ಮನಿ ಕಾಕಾನದೋ, ಮೈದುನಂದೋ, ತಿಕೀಟು ತಗಸೂಕಿಂತ ಮೊದಲ ಮಾತಾಡಿ ಇಡ್ರಿ. ಅಕಸ್ಮಾತ್ ಅವರಿಗೂ ಪನ್ಹಾಳಾಕ್ಕ ಬರೂ ಮನಸ್ಸಿದ್ರ ಮುಂದಿನ ಸಲ ನಿಮ್ಮ ಪಾಳಿ.