ಭಕ್ತಿಯಲ್ಲಿ ನಗುವಿಗೆ ಎಡೆಯುಂಟೆ?

ಶ್ರಾವಣ ಮಾಸ ಬಂತೆಂದರೆ ನಮ್ಮ ಉರುಕುಂದದ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈರಣ್ಣಸ್ವಾಮಿಯ ದರ್ಶನಕ್ಕೆ ಆಂಧ್ರ, ಕರ್ನಾಟಕ, ತೆಲಂಗಾಣಗಳಿಂದ ಜನ ಬರುತ್ತಾರೆ. ಅದು ಮುಗಿಯುತ್ತಿದ್ದಂತೆ ಗಣೇಶನ ಹಬ್ಬ. ಒಂದು ಓಣಿಯಲ್ಲಿ ಗಣಪ ಸೈಕಲ್ ತುಳಿಯುತ್ತಿರುತ್ತಾನೆ, ಇನ್ನೊಂದು ಓಣಿಯಲ್ಲಿ ರಾಕೆಟ್ ಏರಿ ಕುಳಿತಿರುತ್ತಾನೆ. ಕ್ರಿಕೆಟ್ ಬ್ಯಾಟು ಹಿಡಿದ ಗಣಪನನ್ನೂ ಕಂಡಿದ್ದೇನೆ. ನಾವು ನೋಡಿ ನಗುತ್ತೇವೆ; ನಕ್ಕ ಮೇಲೆ ಕೈಮುಗಿಯುತ್ತೇವೆ. ನಕ್ಕದ್ದರಿಂದ ಭಕ್ತಿ ಕಡಿಮೆಯಾಯಿತೆಂದು ಯಾರೂ ದೂರಿಲ್ಲ. ಈ ಮಾತನ್ನು ಮೊದಲಿಗೇ ಹೇಳಲು ಕಾರಣವಿದೆ.

ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಮನೆಯವರು ಯೇಸುಸ್ವಾಮಿಯನ್ನು ನಂಬಿದವರು. ವಾರ್ಷಿಕ ಪ್ರದರ್ಶನಕ್ಕೆಂದು ಮಕ್ಕಳಿಗೆ ಅಚ್ಚು ಚಿತ್ರ ಮಾಡುವುದನ್ನು ಕಲಿಸಿದ್ದೆವು. ಪೇಟೆಯಲ್ಲಿ ಸಿಗುವ ಲೈನೋ ಹಾಳೆಗೆ ದುಡ್ಡು ಬೇಕು. ಆದ್ದರಿಂದ ಸವೆದ ಹವಾಯಿ ಚಪ್ಪಲಿಯ ಅಟ್ಟೆಯೇ ನಮಗೆ ಹಲಗೆಯಾಯಿತು. ಅದರ ಮೇಲೆ ಚಿತ್ರ ಬರೆದು, ಬೇಡದ ಭಾಗವನ್ನು ಬ್ಲೇಡಿನಿಂದ ಕೆತ್ತಿ ತೆಗೆದು, ಉಳಿದ ಉಬ್ಬಿಗೆ ಮಸಿ ಸವರಿ, ಕಾಗದವಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಚಿತ್ರ ಮೂಡುತ್ತದೆ. ಕೆಲವರು ಹೂ ಕೆತ್ತಿದರು, ಕೆಲವರು ನವಿಲು. ಈ ಹುಡುಗ ಕೆತ್ತಿದ್ದು ಒಂದು ವಿಚಿತ್ರ ಬಂಡಿಯನ್ನು.

ಬಂಡಿಯ ಮುಂಭಾಗ ಹಳೆಯ ಟ್ರ್ಯಾಕ್ಟರಿನದು, ಹಿಂದಿನ ಗಾಲಿಗಳು ಎತ್ತಿನ ಗಾಡಿಯವು. ಎರಡು ಬದಿಗೂ ಮೊರದಂತಹ ರೆಕ್ಕೆಗಳು. ಹೊಗೆಕೊಳವೆಯ ತುದಿಯಲ್ಲಿ ಒಂದು ನಕ್ಷತ್ರ. ನಡೆಸುವವನ ಜಾಗದಲ್ಲಿ ತಲೆಗೆ ರುಮಾಲು ಸುತ್ತಿದ ಯೇಸು. ಹಿಂದೆ ಚೀಲ, ಪಾತ್ರೆ, ಕೋಳಿ, ಮಕ್ಕಳು, ಮುದುಕರು ಒತ್ತೊತ್ತಾಗಿ ಕುಳಿತಿದ್ದರು. ಮುಂದಿನ ಫಲಕದಲ್ಲಿ ‘ಉರುಕುಂದ’ ಎಂದು ಬರೆದಿತ್ತು. ಆದರೆ ಅಕ್ಷರಗಳೆಲ್ಲ ತಿರುಗುಮುರುಗು. ಅಚ್ಚಿಗೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಕೆತ್ತಬೇಕೆಂಬುದನ್ನು ಅವನು ಮರೆತಿದ್ದಾನೆಂದುಕೊಂಡೆ.

ನಾನು ಕನ್ನಡ ಮೇಷ್ಟ್ರು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ತಿರುಗುಮುರುಗು ಅಕ್ಷರಗಳೇ. ಗದರಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, “ದೇವರನ್ನು ಹೀಗೆ ತಮಾಷೆ ಮಾಡಬಾರದು” ಎಂದರು. ನಾನು ಹೌದೆಂದು ತಲೆಯಾಡಿಸಿದೆ. “ಬೇರೆ ಏನಾದರೂ ಮಾಡಿಕೊಂಡು ಬಾ” ಎಂದು ಅವನನ್ನು ಕಳಿಸಿಬಿಟ್ಟೆ. ಅವನು ಬೇರೆ ಏನನ್ನೂ ಮಾಡಿಕೊಂಡು ಬರಲಿಲ್ಲ. ಪ್ರದರ್ಶನದ ದಿನ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದ.

ಕೆಲವು ದಿನಗಳ ನಂತರ ಕರೆದು ಕೇಳಿದೆ: “ಅದೇನು ಬಂಡಿಯೋ ಅದು?”

“ಸುಗ್ಗಿಗೆ ಹೋದವರನ್ನ ವಾಪಸ್ ಕರಕೊಂಡು ಬರೋ ಬಂಡಿ ಸಾರ್” ಎಂದ.

ನಮ್ಮ ಸೀಮೆಯಲ್ಲಿ ಸುಗ್ಗಿ ಎಂದರೆ ಏನೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಪುಸ್ತಕದಲ್ಲಿ ಸುಗ್ಗಿಯೆಂದರೆ ಸಂಭ್ರಮ. ಕೌತಾಳಂ, ಕೋಸಿಗಿಯ ಕಡೆ ಸುಗ್ಗಿಯೆಂದರೆ ಮನೆಗೆ ಬೀಗ ಹಾಕಿ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೋಗುವುದು. ಆ ಹುಡುಗನ ತಂದೆತಾಯಿ ಆಗ ಅಲ್ಲಿಯೇ ಇದ್ದರು. ಅವನು ಅಜ್ಜಿಯ ಜೊತೆ ಊರಿನಲ್ಲಿದ್ದ. ಅವನ ಮಟ್ಟಿಗೆ ಮೋಕ್ಷವೆಂಬುದು ಮೇಲೆ ಹೋಗುವುದಲ್ಲ, ಊರಿಗೆ ತಿರುಗಿ ಬರುವುದು. ಅದನ್ನು ಅವನು ಕೆತ್ತಿದ್ದ. ನಾನು ಅಕ್ಷರ ನೋಡಿದೆ, ಅರ್ಥ ನೋಡಲಿಲ್ಲ. ಶಿಕ್ಷಕರ ತರಬೇತಿಯಲ್ಲಿ ಮಗುವಿನ ಮನಸ್ಸನ್ನು ಅರಿಯಬೇಕೆಂದು ನಾವೆಲ್ಲ ಪುಟಗಟ್ಟಲೆ ಬರೆದು ಪಾಸಾದವರೇ. ಆ ಹೊತ್ತಿಗೆ ಅದಾವುದೂ ನೆನಪಾಗಲಿಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡಿದೆ. ದೈವಭಕ್ತಿಯನ್ನು ಆಟದ ರೂಪದಲ್ಲಿ, ಹಳೆಯ ಯಂತ್ರಗಳ ಕಲ್ಪನೆಯಲ್ಲಿ, ನಗು ತರಿಸುವ ಚಿತ್ರದಲ್ಲಿ ಹೇಳುವುದು ತಪ್ಪೇ? ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

ಮುಂದಿನ ಕಾಲವನ್ನು ಚಿತ್ರಿಸಲು ಹೊರಟವರೆಲ್ಲ ತಮ್ಮ ಕಾಲದ ಸಾಮಾನುಗಳಿಂದಲೇ ಚಿತ್ರಿಸಿದ್ದಾರೆ. 1899ರಿಂದ 1910ರವರೆಗೆ ಫ್ರಾನ್ಸ್ ದೇಶದಲ್ಲಿ ಜಾನ್-ಮಾರ್ಕ್ ಕೋಟೆ ಮತ್ತು ಇತರ ಕಲಾವಿದರು 2000ನೇ ಇಸವಿ ಹೇಗಿರುತ್ತದೆಂದು ಒಂದು ಚಿತ್ರಮಾಲೆಯನ್ನು ಬರೆದರು. ಐಸಾಕ್ ಅಸಿಮೋವ್ ಎಂಬ ಪ್ರಸಿದ್ಧ ಲೇಖಕರು 1986ರಲ್ಲಿ ಅವನ್ನು ಪುಸ್ತಕವಾಗಿ ತಂದರು. ಬೆಂಕಿ ಆರಿಸುವವರು ರೆಕ್ಕೆ ಕಟ್ಟಿಕೊಂಡು ಹಾರುತ್ತಾರೆ. ಒಂದು ಚಿತ್ರದಲ್ಲಿ ಶಾಲೆಯಿದೆ: ಮೇಷ್ಟ್ರು ಪುಸ್ತಕಗಳನ್ನು ಯಂತ್ರದೊಳಕ್ಕೆ ಹಾಕುತ್ತಾರೆ, ಹುಡುಗನೊಬ್ಬ ಹಿಡಿ ತಿರುಗಿಸುತ್ತಾನೆ, ಅರೆದ ವಿದ್ಯೆ ತಂತಿಯ ಮೂಲಕ ಮಕ್ಕಳ ತಲೆಗೆ ಹರಿಯುತ್ತದೆ! ಹಿಟ್ಟಿನ ಗಿರಣಿಯಂತಹ ಆ ಶಾಲೆಯನ್ನು ನೋಡಿದರೆ ನಗು ಬಾರದವರಿಲ್ಲ. ಆದರೆ ನಕ್ಕು ಸುಮ್ಮನಾಗುವಂತೆಯೂ ಇಲ್ಲ. ನಾವು ಮಾಡುತ್ತಿರುವ ಪಾಠ ಅದಕ್ಕಿಂತ ಎಷ್ಟು ಬೇರೆಯಾಗಿದೆ ಎಂದು ನಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ. ಹಿಂದಿನವರು ಕಂಡ ಮುಂದಿನ ಕಾಲದ ಚಿತ್ರಕ್ಕೆ ಈ ಗುಣವಿದೆ. ಮೊದಲು ನಗಿಸುತ್ತದೆ, ಆಮೇಲೆ ಯೋಚನೆಗೆ ಹಚ್ಚುತ್ತದೆ.

ಇನ್ನು ಕ್ರೈಸ್ತರ ವೇದಗ್ರಂಥವನ್ನೇ ನೋಡೋಣ. ಯೆಶಾಯನೆಂಬ ಪ್ರವಾದಿ ಎರಡೂವರೆ ಸಾವಿರ ವರ್ಷಗಳಿಗೂ ಹಿಂದೆ ಮುಂಬರುವ ಶಾಂತಿಯ ಕಾಲವನ್ನು ಕಂಡ. ಅದರಲ್ಲಿ ಜನರು ಕತ್ತಿಗಳನ್ನು ಬಡಿದು ನೇಗಿಲ ಕುಳಗಳನ್ನಾಗಿ ಮಾಡುತ್ತಾರೆ. ತೋಳವು ಕುರಿಮರಿಯೊಡನೆ ಇರುತ್ತದೆ. ಸಿಂಹವನ್ನು ಒಂದು ಚಿಕ್ಕ ಮಗು ನಡೆಸುತ್ತದೆ. ಯೆಹೆಜ್ಕೇಲನೆಂಬ ಇನ್ನೊಬ್ಬ ಪ್ರವಾದಿ ಗಾಲಿಯೊಳಗೆ ಗಾಲಿಯಿದ್ದು ಸುತ್ತಲೂ ಕಣ್ಣುಗಳಿದ್ದ ದಿವ್ಯ ವಾಹನವನ್ನು ಕಂಡ. ಅವರು ಸ್ವರ್ಗದಿಂದ ಹೊಸ ಸಾಮಾನು ತರಿಸಲಿಲ್ಲ. ಅಂದಿನ ಕಮ್ಮಾರಸಾಲೆಯ ನೇಗಿಲು, ಅಂದಿನ ರಥದ ಗಾಲಿ, ಅಂದಿನ ಕುರಿದೊಡ್ಡಿ ಇವುಗಳಿಂದಲೇ ನಾಳೆಯನ್ನು ಕಟ್ಟಿದರು. ಹಾಗಿರುವಾಗ ನಮ್ಮ ಎರೆಭೂಮಿಯ ಹುಡುಗ ಟ್ರ್ಯಾಕ್ಟರಿಗೆ ಮೊರದ ರೆಕ್ಕೆ ಕಟ್ಟಿದರೆ ಆ ಪರಂಪರೆಯನ್ನು ಮುರಿದಂತಾಗುವುದೇ? ಮುಂದುವರಿಸಿದಂತಾಗುತ್ತದೆ.

ಚಿತ್ರಕಲೆಯಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ಜರ್ಮನಿಯ ಡ್ಯೂರರ್ 1498ರಲ್ಲಿ ಬೈಬಲಿನ ಕೊನೆಯ ಗ್ರಂಥವಾದ ಪ್ರಕಟನೆಯನ್ನು 15 ಮರದಚ್ಚುಗಳಲ್ಲಿ ಕೆತ್ತಿಸಿ ಮುದ್ರಿಸಿದ. ಲೋಕಾಂತ್ಯದ ಆ ಚಿತ್ರಗಳಲ್ಲಿ ಜನರ ಉಡುಪು ಅವನ ಕಾಲದ್ದೇ, ಊರುಗಳು ಅವನ ಸೀಮೆಯವೇ. ಅದೇ ಡ್ಯೂರರ್ 1515ರಲ್ಲಿ ನಮ್ಮ ದೇಶದ ಘೇಂಡಾಮೃಗವನ್ನು ಅಚ್ಚಿನಲ್ಲಿ ತಂದ. ಗುಜರಾತಿನ ಸುಲ್ತಾನನಿಂದ ಪೋರ್ಚುಗೀಸರ ಕೈ ಸೇರಿ ಲಿಸ್ಬನ್ನಿಗೆ ಹೋಗಿದ್ದ ಪ್ರಾಣಿ ಅದು. ಅವನು ಅದನ್ನು ಕಣ್ಣಾರೆ ಕಂಡಿರಲಿಲ್ಲ. ಯಾರೋ ಕಳಿಸಿದ ಬರಹ, ರೇಖಾಚಿತ್ರಗಳನ್ನು ನಂಬಿ ಕೆತ್ತಿದ. ಚರ್ಮ ಉಕ್ಕಿನ ಕವಚದಂತಾಯಿತು, ಬೆನ್ನ ಮೇಲೆ ಇಲ್ಲದ ಒಂದು ಪುಟ್ಟ ಕೊಂಬು ಮೂಡಿತು. ತಪ್ಪು ನಿಜ, ಆದರೂ ಯುರೋಪಿನ ಜನ ತಲೆಮಾರುಗಳ ಕಾಲ ಆ ಚಿತ್ರವನ್ನೇ ಘೇಂಡಾಮೃಗವೆಂದು ತಿಳಿದರು. ಕಾಣದ ಮೃಗವನ್ನು ಚಿತ್ರಿಸುವುದೇ ಇಷ್ಟು ಕಷ್ಟವಾದರೆ, ಕಾಣದ ದೇವರನ್ನು ಚಿತ್ರಿಸುವವನಿಗೆ ನಾವು ಎಷ್ಟು ಸೈರಣೆ ತೋರಬೇಕು!

ದೂರದ ಮಾತೇಕೆ? ನಮ್ಮ ಆಂಧ್ರದವರೇ ಆದ ಪಿ. ಸೊಲೊಮನ್ ರಾಜ್ (1921–2019) ಲ್ಯೂಥರನ್ ಪಾದ್ರಿಗಳು. ಮರದಚ್ಚಿನಲ್ಲಿಯೂ ಬಾಟಿಕ್ ಬಟ್ಟೆಯಲ್ಲಿಯೂ ಯೇಸುವಿನ ಕಥೆಯನ್ನು ನಮ್ಮ ನೆಲದ ಬಡವರ ಮುಖಗಳಲ್ಲಿ ತೋರಿಸಿದರು. ಬೆಂಗಳೂರಿನ ಬಳಿಯ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿಯವರು ಕ್ರಿಸ್ತನನ್ನು ನಮ್ಮ ಹಳ್ಳಿಯ ಮರ, ಮಣ್ಣು, ತಮಟೆಗಳ ನಡುವೆ ಕಂಡ ಕಲಾವಿದರು. ಇವರಿಬ್ಬರ ಚಿತ್ರಗಳು ನಗಿಸಲೆಂದು ಮಾಡಿದವಲ್ಲ. ಆದರೆ ದೇವರು ನಮ್ಮ ಓಣಿಯ ಬಟ್ಟೆಯನ್ನು ಉಡಬಹುದೆಂಬ ಬಾಗಿಲನ್ನು ತೆರೆದವರು ಇಂಥವರೇ. ಆ ಬಾಗಿಲಿನಿಂದ ನಮ್ಮ ಹುಡುಗನ ಟ್ರ್ಯಾಕ್ಟರೂ ಒಳಗೆ ಬರಬಹುದು.

ಅಚ್ಚಿನ ಕಲೆಗೂ ನಮ್ಮ ಸೀಮೆಗೂ ಒಂದು ಹಳೆಯ ನಂಟುಂಟು. 1953ರ ಅಕ್ಟೋಬರ್ 1ರವರೆಗೆ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದವರು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಅಚ್ಚಾದದ್ದು ಅದರಲ್ಲಿಯೇ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಬಂತು. ಅವರು ಬಂದದ್ದು ತಮ್ಮ ಧರ್ಮವನ್ನು ಹೇಳಲು. ಆದರೆ ಅಚ್ಚಿನ ಗುಣವೇ ಬೇರೆ. ಒಮ್ಮೆ ಅಚ್ಚಾದ ಮಾತು ಅಚ್ಚು ಹಾಕಿದವನ ಸ್ವತ್ತಾಗಿ ಉಳಿಯುವುದಿಲ್ಲ. ಅದೇ ಮೊಳೆಗಳಿಂದ ವಚನಗಳೂ ಅಚ್ಚಾಗಬಹುದು, ಪಂಚಾಂಗವೂ ಅಚ್ಚಾಗಬಹುದು, ಮಕ್ಕಳ ಪಠ್ಯವೂ ಅಚ್ಚಾಗಬಹುದು. ಎಣ್ಣೆಬಣ್ಣದ ಪಟ ಒಬ್ಬ ಸಾಹುಕಾರನ ಗೋಡೆಗೆ ಮಾತ್ರ. ಅಚ್ಚು ಚಿತ್ರ ಹತ್ತು ಗುಡಿಸಲಿಗೂ ಸಿಗುತ್ತದೆ. ಬಡವರ ಭಕ್ತಿಗೆ ಇದಕ್ಕಿಂತ ಹೊಂದುವ ಕಲೆ ಯಾವುದು?

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಮೊದಲನೆಯದು, ನಗು ಬಂದಲ್ಲಿ ಗೌರವ ಹೋಗುತ್ತದೆ ಎಂಬುದು. ಆದರೆ ಅಣಕ ಬೇರೆ, ಸಲಿಗೆ ಬೇರೆ. ಅಣಕಿಸುವವನು ದೂರ ನಿಂತು ಬೆರಳು ತೋರಿಸುತ್ತಾನೆ. ಸಲಿಗೆಯವನು ಹತ್ತಿರ ಬಂದು ತೊಡೆಯೇರುತ್ತಾನೆ. ಇನ್ನೊಬ್ಬರ ದೇವರನ್ನು ಹೀಯಾಳಿಸಲು ಕೆತ್ತಿದ ಚಿತ್ರವಾದರೆ ನಾನೇ ಮೊದಲು ತೆಗೆಸುತ್ತೇನೆ. ತನ್ನ ದೇವರನ್ನು ತನ್ನ ಮನೆಯವನನ್ನಾಗಿ ಮಾಡಿಕೊಂಡ ಮಗುವನ್ನು ತಡೆಯಲು ನಾನು ಯಾರು?

ಎರಡನೆಯದು, ಶಾಲೆಯಲ್ಲಿ ಮತದ ವಿಷಯ ಸಲ್ಲದು ಎಂಬುದು. ಇದು ತೂಕದ ಮಾತು. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಮತಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿಯೇ ಹೇಳುತ್ತದೆ. ಮೇಷ್ಟ್ರು ಮತ ಬೋಧಿಸಬಾರದು. ಆದರೆ ಮಗು ತನ್ನ ಮನಸ್ಸಿನಲ್ಲಿರುವುದನ್ನು ಚಿತ್ರಿಸುವುದು ಬೋಧನೆಯಲ್ಲ. ಮೇಲಾಗಿ ನಿಯಮವೆಂದರೆ ಎಲ್ಲರಿಗೂ ಒಂದೇ ಇರಬೇಕು. ಗಣಪನ ಚಿತ್ರಕ್ಕೆ ಗೋಡೆಯಿದ್ದರೆ, ಪೀರಲ ಹಬ್ಬದ ಪಂಜಾದ ಚಿತ್ರಕ್ಕೆ ಗೋಡೆಯಿದ್ದರೆ, ಯೇಸುವಿನ ಟ್ರ್ಯಾಕ್ಟರಿಗೂ ಗೋಡೆಯಿರಬೇಕು.

ಮೂರನೆಯ ಆಕ್ಷೇಪಣೆ ನನ್ನದೇ. ರೆಕ್ಕೆಯ ಬಂಡಿ ಚಿತ್ರದಲ್ಲಿ ಬಂದೀತು. ಗುಂಟೂರಿನಿಂದ ತಂದೆತಾಯಿ ಬಂದಾರೇ? ಚಿತ್ರದಿಂದ ವಲಸೆ ನಿಲ್ಲದು. ಅದಕ್ಕೆ ನೀರು ಬೇಕು, ಊರಿನಲ್ಲೇ ಕೂಲಿ ಬೇಕು, ಹಿಂದೆ ಉಳಿದ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವ ವಸತಿ ಬೇಕು. ಸುಂದರ ಕನಸನ್ನು ಗೋಡೆಗೆ ತೂಗುಹಾಕಿ ಆ ಕೆಲಸವನ್ನು ಮರೆತರೆ ನಾವು ಕಪಟಿಗಳಾಗುತ್ತೇವೆ. ಆದರೆ ಏನು ಬೇಕೆಂದು ಕಾಣಲಾರದವನು ಅದನ್ನು ಕೇಳಲಾರ. ಎಲ್ಲರೂ ಊರಿಗೆ ಬರುವ ದಿನವೊಂದುಂಟು ಎಂದು ಆ ಹುಡುಗ ಕಂಡಿದ್ದಾನೆ. ಅಷ್ಟರಮಟ್ಟಿಗೆ ಅವನು ನಮಗಿಂತ ಮುಂದಿದ್ದಾನೆ.

ಅಚ್ಚಿನಲ್ಲಿ ಇನ್ನೊಂದು ಒಳ್ಳೆಯ ಗುಣವಿದೆ. ಕಾಗದ ಹರಿದರೂ ಹಲಗೆ ಉಳಿಯುತ್ತದೆ. ಹುಡುಗನ ಮನೆಯಲ್ಲಿ ಆ ಚಪ್ಪಲಿಯ ಅಟ್ಟೆ ಇನ್ನೂ ಇತ್ತು. ಈ ವರ್ಷ ತರಲು ಹೇಳಿದೆ. ಮಸಿ ಸವರಿ ಹೊಸದಾಗಿ ಹನ್ನೆರಡು ಪ್ರತಿ ತೆಗೆದೆವು. ಒಂದು ಪ್ರದರ್ಶನದ ಗೋಡೆಗೆ ಹೋಯಿತು, ಒಂದು ಅವನ ಅಜ್ಜಿಗೆ, ಒಂದು ನನ್ನ ಮೇಜಿನ ಮುಂದಕ್ಕೆ. ಉಳಿದವನ್ನು ಗೆಳೆಯರು ಹಂಚಿಕೊಂಡರು. ಅವರಲ್ಲಿ ಎಲ್ಲ ಮತದವರೂ ಇದ್ದರು.

ಹಳೆಯ ಚಾಳಿ ಬಿಡದೆ ಕೇಳಿದೆ: “ಊರ ಹೆಸರಾದರೂ ನೆಟ್ಟಗೆ ಕೆತ್ತಬಾರದೇನೋ?”

ಅವನು ನಕ್ಕು ಹೇಳಿದ: “108 ಗಾಡಿ ಮುಂದೆ ಹಂಗೇ ಬರೆದಿರ್ತಾರಲ್ಲ ಸಾರ್. ಮುಂದೆ ಹೋಗೋರು ಕನ್ನಡಿಯಾಗ ನೋಡಿ ದಾರಿ ಬಿಡ್ಲಿ ಅಂತ.”

ನನ್ನಲ್ಲಿ ಉತ್ತರವಿರಲಿಲ್ಲ. ಸಹೋದ್ಯೋಗಿ ಮಿತ್ರರಲ್ಲಿ ನನ್ನದೊಂದೇ ವಿನಂತಿ. ಮಕ್ಕಳು ತಂದು ತೋರಿಸುವ ಚಿತ್ರವನ್ನು ತಿದ್ದುವ ಮೊದಲು, ಇದೇನಪ್ಪಾ ಎಂದು ಒಮ್ಮೆ ಕೇಳೋಣ. ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಿಮ್ಮ ನಂಬಿಕೆ ಯಾವುದೇ ಇರಲಿ, ಅದರಲ್ಲಿ ಪಕ್ಕದ ಓಣಿಯವರಿಗೂ ಕೂರಲು ಜಾಗವಿರಲಿ. ಆ ಬಂಡಿಯ ಹಿಂಭಾಗದಲ್ಲಿ ಕನ್ನಡಕ ಹಾಕಿದ ಒಬ್ಬ ಮನುಷ್ಯನೂ ಕುಳಿತಿದ್ದಾನೆ. ಯಾರೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.