ಆರಿದ ಒಲೆಯ ಕೆಂಡ

ಕಳೆದ ವಾರ ತರಗತಿಯಲ್ಲಿ ಶಿಶುನಾಳ ಶರೀಫರ ತತ್ತ್ವಪದವೊಂದನ್ನು ಬೋಧಿಸುತ್ತಿದ್ದೆ. ಮನೆಯ ಮಾಳಿಗೆ ಸೋರುವ ಆ ಪ್ರಸಿದ್ಧ ಪದ. ಮೊದಲ ಸಾಲು ಓದಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಇದು ರಘು ದೀಕ್ಷಿತ್ ಅವರ ಹಾಡಲ್ಲವೇ?" ಎಂದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಎಂ.ಎ. ಓದಿದವನ ಗರ್ವ ಆ ನಗೆಯಲ್ಲಿ ಕೊಂಚ ಬೆರೆತಿತ್ತೆಂದು ಒಪ್ಪಿಕೊಳ್ಳಲೇಬೇಕು. "ಅಲ್ಲಪ್ಪಾ, ಹರಿಹರದ ಹೊಳೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಸಂತನ ಹಾಡು" ಎಂದು ತಿದ್ದಿದೆ. ಹುಡುಗ ಕುಳಿತ. ಆದರೆ ಸಪ್ಪಗಾದ ಅವನ ಮುಖ ಮಾತ್ರ ಸಂಜೆ ಬಾತಿಗೆ ಬರುವ ಬಸ್ಸಿನಲ್ಲಿಯೂ ನನ್ನ ಕಣ್ಣೆದುರಿನಿಂದ ಸರಿಯಲಿಲ್ಲ.

ಅವನು ಹೇಳಿದುದರಲ್ಲಿ ತಪ್ಪು ಅರ್ಧವಷ್ಟೆ. ಶರೀಫರ ಪದ ಅವನ ಮನೆಗೆ ಬಂದುದು ಆ ಬಾಗಿಲಿನಿಂದಲೇ. ಹಾಗೆ ನೋಡಿದರೆ, ಆ ಬಾಗಿಲಿನ ಹಿಂದೆ ಇನ್ನೊಂದು ಬಾಗಿಲಿತ್ತೆಂಬುದು ಅವನಿಗೂ ತಿಳಿಯದು, ನಕ್ಕ ತರಗತಿಗೂ ತಿಳಿಯದು.

ಕಳೆದ ಶತಮಾನ ಮುಗಿಯುವ ಹೊತ್ತಿಗೆ ಮೈಸೂರಿನಲ್ಲಿ 'ಅಂತರಾಗ್ನಿ' ಎಂಬ ಗಾಯಕ ತಂಡವೊಂದು ಹುಟ್ಟಿಕೊಂಡಿತು. ಒಳಗಿನ ಬೆಂಕಿ ಎಂದು ಅದರ ಅರ್ಥ. ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತಿದ್ದ ರಘು ದೀಕ್ಷಿತ್ ಹಾಗೂ ಕರ್ನಾಟಕ ಸಂಗೀತದ ಪಿಟೀಲುವಾದಕ ಎಚ್. ಎನ್. ಭಾಸ್ಕರ್ ಅದನ್ನು ಕಟ್ಟಿದರು. ಸಹಪಾಠಿಯೊಬ್ಬ ಹಾಕಿದ ಸವಾಲಿಗಾಗಿ ರಘು ಗಿಟಾರ್ ಹಿಡಿದರಂತೆ; ಹಿಡಿದವರು ಮತ್ತೆ ಕೆಳಗಿಡಲಿಲ್ಲ. ಗಿಟಾರಿನ ಪಕ್ಕದಲ್ಲಿ ಪಿಟೀಲು, ಪಾಶ್ಚಾತ್ಯ ಲಯದ ಮೇಲೆ ನಮ್ಮ ನೆಲದ ಧಾಟಿ, ಇದು ಅವರ ಬಗೆ. ಸಿನಿಮಾ ಹಾಡಲ್ಲದ ಹಾಡಿಗೆ ಕೈಹಾಕುವ ಧ್ವನಿಮುದ್ರಣ ಕಂಪನಿಗಳು ಅಂದು ವಿರಳ. ವರ್ಷಗಳ ಕಾಲ ಅವರ ಹಾಡುಗಳಿಗೆ ಸಿಕ್ಕುದು ನಿರಾಕರಣೆಯೇ. 2005ರಲ್ಲಿ ತಂಡ ಚದುರಿತು.

ತಂಡವೇನೋ ಚದುರಿತು, ಕತೆ ಅಲ್ಲಿಗೆ ನಿಲ್ಲಲಿಲ್ಲ. ಬಂದು ಹೋಗುವ ಕಲಾವಿದರಿಗೆಲ್ಲ ಬಾಗಿಲು ತೆರೆದಿಟ್ಟ ಹೊಸ ತಂಡವನ್ನು ರಘು ಕಟ್ಟಿದರು. 2008ರಲ್ಲಿ, ಮುಂಬಯಿಯ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಅವರ ಬೆಂಬಲದಿಂದ, ಹಾಡುಗಳ ಧ್ವನಿಸಂಪುಟ ಹೊರಬಂದಿತು. ಅವುಗಳಲ್ಲಿ ಎರಡು ಶರೀಫರವು: ಗುಡುಗುಡಿಯ ಪದವೊಂದು, ಮಾಳಿಗೆಯ ಪದವೊಂದು. ಮತ್ತೊಂದು ಹಾಡಿನ ಹೆಸರೇ 'ಅಂತರಾಗ್ನಿ'. ಮುಗಿದುಹೋದ ತಂಡ ಒಂದು ಹಾಡಿನ ಹೆಸರಾಗಿ ಉಳಿಯಿತು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿಯೂ ರಘು ಹಾಡಿ ಬಂದರು.

ಗಿಟಾರಿಗೂ ತತ್ತ್ವಪದಕ್ಕೂ ಎಲ್ಲಿಯ ನಂಟು ಎಂದು ಮೂಗು ಮುರಿಯುವವರುಂಟು. ಅಂಥವರು ಭಜನೆಯ ಮನೆಯ ಹಾರ್ಮೋನಿಯಂ ಕಡೆಗೊಮ್ಮೆ ನೋಡಬೇಕು. ಅದು ಯೂರೋಪಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ರೂಪ ಪಡೆದ ವಾದ್ಯ. 1940ರಿಂದ ಮೂರು ದಶಕಗಳ ಕಾಲ ಆಕಾಶವಾಣಿಯೇ ಅದನ್ನು ಹೊರಗಿಟ್ಟಿತ್ತು. ಇಂದು ಅದಿಲ್ಲದೆ ನಮ್ಮೂರುಗಳಲ್ಲಿ ಭಜನೆ ಏಳುವುದಿಲ್ಲ. ಪಿಟೀಲು ಕೂಡ ಪರದೇಶದ್ದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಸಿ. ಅಶ್ವತ್ಥ್ ಅವರು ಶರೀಫರನ್ನು ಊರೂರಿನ ಮನೆಗಳಿಗೆ ಮುಟ್ಟಿಸಿದಾಗ, 1990ರಲ್ಲಿ ನಾಗಾಭರಣರ ಚಿತ್ರಕ್ಕೆ ಆ ಪದಗಳನ್ನು ಅಳವಡಿಸಿದಾಗ, ಅದೂ ಹೊಸ ಉಡುಗೆಯೇ ಆಗಿದ್ದಿತು. ಪದ ಸತ್ತ್ವವುಳ್ಳದ್ದಾದರೆ ಉಡುಗೆ ಬದಲಾದ ಮಾತ್ರಕ್ಕೆ ಕೆಡುವುದಿಲ್ಲ.

ಈ ಮಾತನ್ನು ನನಗೆ ಇನ್ನಷ್ಟು ಚೆನ್ನಾಗಿ ಹೇಳಿದವರು ಬಾತಿಯ ಹಿರಿಯರೊಬ್ಬರು. ಅವರದೂ ಒಂದು ಕಾಲಕ್ಕೆ ಆರು ಜನರ ಭಜನಾ ಮೇಳವಿತ್ತು. ದಾವಣಗೆರೆಯ ಹತ್ತಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಇಬ್ಬರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದರು, ತಬಲಾದವರು ತೀರಿಕೊಂಡರು, ಹಾರ್ಮೋನಿಯಂ ಅಟ್ಟ ಸೇರಿತು. "ಬೇಸರವಾಗಲಿಲ್ಲವೇ ಅಜ್ಜಾ?" ಎಂದು ಕೇಳಿದೆ. "ಮೇಳ ಹೋತು ಮೇಷ್ಟ್ರೇ, ಪದ ಎಲ್ಲಿಗೆ ಹೋಗ್ತದೆ?" ಎಂದರು. ಅನಂತರ ಐದೂ ಜನ ಜೊತೆಗಾರರ ಹೆಸರುಗಳನ್ನು, ಯಾರು ಯಾವ ಪದ ಎತ್ತುತ್ತಿದ್ದರೆಂಬುದನ್ನು, ಬೆರಳು ಮಡಚಿ ಮಡಚಿ ಹೇಳಿದರು.

ಆ ಹೆಸರುಗಳು ನನ್ನನ್ನು ಕಾಡಿದವು. ತಂಡ ಒಡೆಯುವುದು ದುರಂತವಲ್ಲ. ಹೊಟ್ಟೆಪಾಡು, ಮದುವೆ, ವರ್ಗಾವಣೆ, ಸಣ್ಣಪುಟ್ಟ ಮುನಿಸು, ಇವುಗಳ ನಡುವೆ ನಾಲ್ಕು ಜನ ನಾಲ್ಕು ವರ್ಷ ಒಟ್ಟಿಗೆ ಹಾಡಿದರೆ ಅದೇ ದೊಡ್ಡದು. ದುಃಖದ ಸಂಗತಿಯೆಂದರೆ, ಮುಂದೆ ಗೆದ್ದವರೊಬ್ಬರ ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿಯುತ್ತದೆ. ಜೊತೆಗೆ ನುಡಿಸಿದವರು ಮರೆಯಾಗುತ್ತಾರೆ. ಹಿಂದೆ ಹಳ್ಳಿಯಲ್ಲಿ ಬೆಂಕಿಪೆಟ್ಟಿಗೆ ಇಲ್ಲದ ಮನೆಯವರು ನೆರೆಮನೆಯ ಒಲೆಯಿಂದ ಕೆಂಡ ಕೊಂಡೊಯ್ಯುತ್ತಿದ್ದರು. ಅಡಿಗೆ ನಮ್ಮದೇ ಆದರೂ, ಕೆಂಡ ಕೊಟ್ಟ ಮನೆಯನ್ನು ನೆನೆಯುವುದು ಸೌಜನ್ಯವಲ್ಲವೇ?

ಮರುದಿನ ಆ ಹುಡುಗ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಕ್ಷಮೆ ಕೇಳಬೇಕಾದವನು ನಾನು, ಬಂದವನು ಅವನು. ಪದದ ಉಳಿದ ಚರಣಗಳು ಬೇಕಾಗಿದ್ದವು. ಅವನೂ ಮೂವರು ಗೆಳೆಯರೂ ಸೇರಿ ಗಿಟಾರ್, ದಮ್ಮಡಿ ಇಟ್ಟುಕೊಂಡು ಅಭ್ಯಾಸ ನಡೆಸಿದ್ದಾರೆ. ವಾರ್ಷಿಕೋತ್ಸವದಲ್ಲಿ ಹಾಡುವ ಆಸೆ. "ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಒಂದೊಂದು ಊರಿಗೆ ಹೋಗುತ್ತೇವೆ ಸಾರ್" ಎಂದು ತಾನಾಗಿಯೇ ಹೇಳಿದ.

ನಾನು ಚರಣಗಳನ್ನು ಬರೆದುಕೊಟ್ಟೆ. ಕೆಳಗೆ ಶರೀಫರ ಹೆಸರನ್ನು ಬರೆದು, ಅದರ ಕೆಳಗೆ ಅವನ ಕೈಯಿಂದಲೇ ನಾಲ್ವರ ಹೆಸರನ್ನೂ ಬರೆಯಿಸಿದೆ. ವಾರ್ಷಿಕೋತ್ಸವದ ದಿನ ಅದನ್ನು ವೇದಿಕೆಯ ಮೇಲೆ ಓದುವ ಕೆಲಸ ನನ್ನದು.