ಉಸಿರಿಗೆ ರಾತ್ರಿಪಾಳಿ

ವೆಂಟಿಲೇಟರಿಗೆ ಹಗಲು ರಾತ್ರಿಯ ಭೇದವಿಲ್ಲ. ಭೇದವೆಲ್ಲ ಆಡಳಿತಗಾರರ ತಲೆಯಲ್ಲಿ. ಉಸಿರಾಟ ಚಿಕಿತ್ಸಕರು ಹಗಲಿಗೆ ಮೂವರು, ರಾತ್ರಿಗೆ ನಾನೊಬ್ಬನೇ. 'ರಾತ್ರಿ ಏನ್ರೀ ಕೆಲಸ, ರೋಗಿಗಳು ಮಲಗಿರ್ತಾರಲ್ಲ' ಎನ್ನುತ್ತಾರೆ. ಮತ್ತಿನಲ್ಲಿ ಮಲಗಿದವನು ಕೆಮ್ಮಲಾರ, ಸ್ವಾಮಿ. ಅವನ ಕೊಳವೆಯಲ್ಲೇ ಕಫ ಕಟ್ಟುವುದು! ಆರನೇ ಹಾಸಿಗೆಯವನ ಕಫ ತೆಗೆಯುತ್ತಿರುವಾಗ ಒಂಬತ್ತನೆಯವನ ಯಂತ್ರ ಕೂಗಿಕೊಂಡರೆ ಯಾರ ಕೈ ಬಿಡಲಿ?

2021ರಲ್ಲಿ ಆಮ್ಲಜನಕಕ್ಕೆ ದೇಶವೇ ಪರದಾಡಿದಾಗ ನಾವು ಯೋಧರು. ಅದೇ ವರ್ಷ ಸಂಸತ್ತು ಕಾಯ್ದೆ ಮಾಡಿ ನಮ್ಮದೂ ಒಂದು ವೃತ್ತಿಯೆಂದಿತು. ಆಸ್ಪತ್ರೆಯಲ್ಲಿ ಈಗಲೂ ನಾನು 'ಆಕ್ಸಿಜನ್ ಹುಡುಗ' (ವಯಸ್ಸು ನಲವತ್ತು ದಾಟಿದೆ). ರಾತ್ರಿಪಾಳಿ ಬಹುಶಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಹೇಳಿತು, 2019ರಲ್ಲಿ ಮತ್ತೆ ಹೇಳಿತು. ನಮ್ಮ ರಾತ್ರಿಭತ್ಯೆ ಎರಡು ಕಾಫಿಗೆ ಸಾಕು. ಹೊಸ ಯಂತ್ರ ಬಂದರೆ ಆರತಿ, ಫೋಟೋ. ರಾತ್ರಿಗೆ ಇನ್ನೊಬ್ಬರನ್ನು ಕೊಡಿ ಎಂದರೆ ದುಡ್ಡಿಲ್ಲ.